ಹಾಲು ಕುಡಿದ ಮಗು ಕಕ್ಕುತ್ತಿದ್ದರೆ: ಬಾಣಂತಿಯರು ಪದೇ ಪದೇ ಕೇಳುವ ಪ್ರಶ್ನೆಗಳು

ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿ ಹದಿನೆಂಟು ವರ್ಷವಾಯಿತು. ಮಗು ಎತ್ತಿಕೊಂಡು ಮನೆಗೆ ಹೋದ ಹೆಣ್ಣುಮಕ್ಕಳು ವಾರದೊಳಗೆ ಫೋನ್ ಮಾಡಿ ಹೇಳುವುದು ಹೆಚ್ಚಾಗಿ ಎರಡು ಮಾತು. ಒಂದು, "ಸಿಸ್ಟರ್, ಹಾಲು ಸಾಲ್ತಿಲ್ಲ." ಇನ್ನೊಂದು, "ಸಿಸ್ಟರ್, ಕುಡಿದಿದ್ದೆಲ್ಲ ಕಕ್ಕಿಬಿಡ್ತಾನೆ." ಎರಡನೆಯ ಮಾತಿಗೆ ನಾನು ಕೊಡುವ ಉತ್ತರಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ನನ್ನ ದೊಡ್ಡ ಮಗಳೂ ಹನ್ನೊಂದು ತಿಂಗಳು ತುಂಬುವವರೆಗೆ ಕಕ್ಕಿದವಳೇ. ಆ ವರ್ಷ ಹೆಗಲ ಮೇಲೆ ಒಂದು ಬಟ್ಟೆ ಇಲ್ಲದೆ ನಾನು ಹೊಸ್ತಿಲು ದಾಟಿದ್ದಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಮಗು ಹಸಿರು ಬಣ್ಣದ ವಾಂತಿ ಮಾಡಿದ್ದರೆ, ವಾಂತಿಯಲ್ಲಿ ರಕ್ತ ಕಂಡಿದ್ದರೆ, ಮೈ ನೀಲಿಗಟ್ಟಿದ್ದರೆ, ಎಬ್ಬಿಸಿದರೂ ಏಳದೆ ಸೊರಗಿ ಮಲಗಿದ್ದರೆ ಇದನ್ನು ಓದುತ್ತಾ ಕೂರಬೇಡಿ. ಈಗಲೇ ಆಸ್ಪತ್ರೆಗೆ ಹೊರಡಿ, ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ.

ಕಕ್ಕುವುದಕ್ಕೂ ವಾಂತಿಗೂ ಏನು ವ್ಯತ್ಯಾಸ?

ಕಕ್ಕುವಾಗ ಮಗುವಿಗೆ ಶ್ರಮವೇ ಇರುವುದಿಲ್ಲ. ತೇಗಿನ ಜೊತೆಗೋ, ಸುಮ್ಮನೆ ಮಲಗಿದ್ದಾಗಲೋ ಬಾಯಿಯ ಅಂಚಿನಿಂದ ಹಾಲು ಹರಿದು ಕೆನ್ನೆ ಮೇಲೆ ಇಳಿಯುತ್ತೆ. ಮಗುವಿಗೆ ಅದರ ಪರಿವೆಯೂ ಇರುವುದಿಲ್ಲ, ನಿಮ್ಮ ಮುಖ ನೋಡುತ್ತಾ ಕೈಕಾಲು ಆಡಿಸಿಕೊಂಡಿರುತ್ತೆ. ವಾಂತಿ ಹಾಗಲ್ಲ. ಮೊದಲೇ ಚಡಪಡಿಸುತ್ತೆ, ಹೊಟ್ಟೆ ಹಿಂಡುತ್ತೆ, ಮುಖ ಕೆಂಪಾಗುತ್ತೆ, ರಭಸವಾಗಿ ಬರುತ್ತೆ, ಆಮೇಲೆ ಅಳುತ್ತೆ. ಕೆಲವು ಕಡೆ ಎರಡಕ್ಕೂ "ಕಾರಿಕೊಳ್ಳೋದು" ಎಂದೇ ಹೇಳುವುದರಿಂದ ಡಾಕ್ಟರ ಹತ್ತಿರ ಹೋದಾಗ ಹೆಸರು ಹೇಳುವ ಬದಲು ನೀವು ಕಂಡದ್ದನ್ನೇ ಹೇಳಿ: ಹರಿದು ಬಂತೋ, ಚಿಮ್ಮಿ ಬಂತೋ.

ನಮ್ಮ ಮಗು ಯಾಕೆ ಹೀಗೆ ಕಕ್ಕುತ್ತೆ?

ಅನ್ನನಾಳ ಹೊಟ್ಟೆಗೆ ಸೇರುವ ಜಾಗದಲ್ಲಿ ಬಿಗಿಯುವ ಸ್ನಾಯುವಿನ ಉಂಗುರ ಒಂದಿದೆ. ದಾರ ಎಳೆದರೆ ಬಾಯಿ ಮುಚ್ಚುವ ಸಂಚಿ ನೋಡಿರುತ್ತೀರಲ್ಲ, ಹಾಗೆ. ದೊಡ್ಡವರಲ್ಲಿ ಆ ದಾರ ಸರಿಯಾಗಿ ಬಿಗಿದಿರುತ್ತೆ. ಹಸುಗೂಸಿಗೆ ಅದಿನ್ನೂ ಸಡಿಲ, ಆಗಾಗ ತಾನಾಗಿಯೇ ಬಿಚ್ಚಿಕೊಳ್ಳುತ್ತೆ. ಜೊತೆಗೆ ಅನ್ನನಾಳ ಗಿಡ್ಡ, ಹೊಟ್ಟೆಯಲ್ಲಿರುವುದೆಲ್ಲ ಬರೀ ಹಾಲು, ದಿನದ ಬಹುಪಾಲು ಮಲಗಿಯೇ ಇರುತ್ತೆ. ಹೊಟ್ಟೆಯೂ ಪುಟ್ಟದು. ಹುಟ್ಟಿದ ದಿನ ಒಂದು ಸಲಕ್ಕೆ 5ರಿಂದ 7 ಮಿಲಿ ಕುಡಿದರೆ ಸಾಕಾಗುತ್ತೆ, ವಾರದ ಹೊತ್ತಿಗೆ 45ರಿಂದ 60 ಮಿಲಿ. ಅಷ್ಟು ಸಣ್ಣ ಚೀಲಕ್ಕೆ ಹಾಲಿನ ಜೊತೆ ಗಾಳಿಯೂ ಸೇರಿದರೆ ಮೇಲಕ್ಕೆ ಬರದೆ ಇನ್ನೇನಾದೀತು?

ಮೊದಲ ಮೂರು ತಿಂಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳು ದಿನಕ್ಕೆ ಒಂದು ಸಲವಾದರೂ ಕಕ್ಕುತ್ತವೆ. ನಾಲ್ಕನೇ ತಿಂಗಳಲ್ಲಿ ಇದು ಅತಿ ಹೆಚ್ಚು. ಹಾಗಾಗಿ ಎರಡನೇ ತಿಂಗಳಿಗಿಂತ ನಾಲ್ಕನೇ ತಿಂಗಳಲ್ಲಿ ಜಾಸ್ತಿಯಾದರೆ, ಮಗು ಆಡಿಕೊಂಡಿದ್ದು ತೂಕವೂ ಏರುತ್ತಿದ್ದರೆ, ಗಾಬರಿಯಾಗಬೇಡಿ. ತಿಂಗಳಿಗೆ ಮೊದಲೇ ಹುಟ್ಟಿದ ಮಕ್ಕಳಲ್ಲಿ ಇದು ಇನ್ನೂ ಹೆಚ್ಚು.

ಕುಡಿದಿದ್ದೆಲ್ಲ ಹೊರಗೆ ಬಂದ ಹಾಗೆ ಕಾಣುತ್ತೆ. ನಿಜವಾಗಿ ಎಷ್ಟು ಹೋಗುತ್ತೆ?

ಇದನ್ನು ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ, ಅದಕ್ಕೇ ನಾನು ಮಾಡಿ ತೋರಿಸುತ್ತೇನೆ. ಮಗುವಿಗೆ ಹೊದಿಸುವ ಹಳೇ ಪಂಚೆಯ ತುಂಡೊಂದನ್ನು ಮಂಚದ ಮೇಲೆ ಹಾಸಿ, ಟೀ ಚಮಚದಲ್ಲಿ ಎರಡು ಚಮಚ ನೀರು ಸುರಿಯಿರಿ. ಅಂದರೆ 10 ಮಿಲಿ. ಒದ್ದೆ ಹರಡುತ್ತಾ ಹರಡುತ್ತಾ ಅಂಗೈಗಿಂತ ದೊಡ್ಡದಾಗುತ್ತೆ. ಈಗ ನಿಮ್ಮ ಮಗು ಕಕ್ಕಿದ ಗುರುತನ್ನು ಅದರ ಪಕ್ಕ ಇಟ್ಟು ನೋಡಿ. ಹತ್ತರಲ್ಲಿ ಎಂಟು ಸಲ ಮಗುವಿನ ಗುರುತೇ ಚಿಕ್ಕದಿರುತ್ತೆ. "ಒಂದು ಲೋಟ ಕಕ್ಕಿಬಿಟ್ಟ" ಎಂದು ಅಳುತ್ತಿದ್ದ ಅಜ್ಜಿಯರು ಈ ಎರಡು ಚಮಚ ನೀರು ನೋಡಿದ ಮೇಲೆ ಸುಮ್ಮನಾಗಿದ್ದನ್ನು ಎಷ್ಟೋ ಸಲ ಕಂಡಿದ್ದೇನೆ.

ಮೊಸರಿನ ಹಾಗೆ ಒಡೆದು ಬರುತ್ತೆ, ಹುಳಿ ವಾಸನೆ. ನನ್ನ ಹಾಲು ಕೆಟ್ಟಿದೆಯಾ?

ಇಲ್ಲ. ದಯವಿಟ್ಟು ಈ ಮಾತನ್ನು ಮನಸ್ಸಿಗೆ ಹಾಕಿಕೊಳ್ಳಬೇಡಿ.

ಕುಡಿದ ತಕ್ಷಣ ಕಕ್ಕಿದರೆ ಹಾಲು ಹಾಲಿನಂತೆಯೇ ಬರುತ್ತೆ. ಅರ್ಧ ಗಂಟೆ ಬಿಟ್ಟು ಕಕ್ಕಿದರೆ ಹೊಟ್ಟೆಯ ಆಮ್ಲ ಸೇರಿ ಗಂಟುಗಂಟಾಗಿ ಒಡೆದಿರುತ್ತೆ. ಹಾಲು ಒಡೆಯುವುದೇ ಜೀರ್ಣ ಶುರುವಾಗಿದೆ ಎನ್ನುವುದಕ್ಕೆ ಗುರುತು, ಹುಳಿ ವಾಸನೆಯೂ ಅದರದೇ. ಎದೆಯೊಳಗೆ ಹಾಲು ಕೆಡುವುದಿಲ್ಲ. ನೀವು ಬಿಸಿಲಲ್ಲಿ ಓಡಾಡಿ ಬಂದಿರಲಿ, ನೆಗಡಿಯಾಗಿರಲಿ, ಅತ್ತಿರಲಿ, ಹಾಲು ಕೆಡುವುದಿಲ್ಲ.

ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಮಗಳಿಗೆ ಎರಡು ತಿಂಗಳಿದ್ದಾಗ ನಾನು ತೋರಿಸಿದ ಒಬ್ಬ ಡಾಕ್ಟರು ಅವಳ ತೂಕ ಕೂಡ ನೋಡದೆ "ನಿಮ್ಮ ಹಾಲು ಒಗ್ಗುತ್ತಿಲ್ಲ, ಡಬ್ಬಿ ಹಾಲು ಶುರು ಮಾಡಿ" ಎಂದು ಚೀಟಿ ಬರೆದುಕೊಟ್ಟರು. ನರ್ಸ್ ಆಗಿದ್ದ ನಾನೇ ಎರಡು ದಿನ ಮಗುವನ್ನು ಎದೆಗೆ ಹಾಕಿಕೊಳ್ಳಲು ಹಿಂಜರಿದೆ. ಎದೆ ಕಲ್ಲಿನಂತೆ ಕಟ್ಟಿಕೊಂಡಿತು, ಚಳಿಜ್ವರ ಬಂತು. ಮೂರನೇ ದಿನ ನಮ್ಮ ವಾರ್ಡಿನ ಹಿರಿಯ ಸಿಸ್ಟರ್ ಮನೆಗೆ ಬಂದು ಮಗುವನ್ನು ತಕ್ಕಡಿಗೆ ಹಾಕಿದರು. ಹಿಂದಿನ ತಿಂಗಳಿಗಿಂತ 800 ಗ್ರಾಂ ಜಾಸ್ತಿ ಇದ್ದಳು. "ಇವಳಿಗೆ ಹಾಲು ಒಗ್ಗದೆ ಈ ಕೆನ್ನೆ ಬಂತಾ?" ಎಂದು ಕೇಳಿ ಅವಳನ್ನು ನನ್ನ ಮಡಿಲಿಗೆ ಹಾಕಿ ಹೋದರು. ಅವತ್ತಿನಿಂದ ನಾನು ಬಟ್ಟೆ ನೋಡುವುದನ್ನು ಬಿಟ್ಟು ಮಗುವನ್ನು ನೋಡುವುದು ಕಲಿತೆ.

ಹಾಲು ಮೈಗೆ ಹತ್ತುತ್ತಿದೆ ಎಂದು ಗೊತ್ತಾಗುವುದು ಹೇಗೆ?

ಮೂತ್ರ ಮತ್ತು ತೂಕ ನೋಡಿ. ಆರನೇ ದಿನದಿಂದ ಮಗು ಇಪ್ಪತ್ತನಾಲ್ಕು ಗಂಟೆಯಲ್ಲಿ ಆರು ಸಲವಾದರೂ ಉಚ್ಚೆ ಹೊಯ್ಯಬೇಕು, ಬಣ್ಣ ತಿಳಿಯಾಗಿರಬೇಕು. ತೂಕದ ಲೆಕ್ಕ ಹೀಗೆ: ಹುಟ್ಟಿದ ಮೊದಲ ದಿನಗಳಲ್ಲಿ ಎಲ್ಲ ಮಕ್ಕಳೂ ಸ್ವಲ್ಪ ಇಳಿಯುತ್ತವೆ. 3 ಕಿಲೋ ಹುಟ್ಟಿದ ಮಗು 2.8ಕ್ಕೆ ಬಂದರೆ ಭಯವಿಲ್ಲ. ಎರಡು ವಾರದೊಳಗೆ ಹುಟ್ಟಿದ ತೂಕಕ್ಕೆ ಮರಳಬೇಕು. ಆಮೇಲೆ ಮೂರು ತಿಂಗಳವರೆಗೆ ದಿನಕ್ಕೆ 20ರಿಂದ 30 ಗ್ರಾಂ ಏರುತ್ತೆ. ಐದು ತಿಂಗಳ ಸುಮಾರಿಗೆ ಹುಟ್ಟಿದ ತೂಕದ ಎರಡರಷ್ಟಾಗುತ್ತೆ.

ತೂಕ ನೋಡಲು ದುಡ್ಡು ಕೊಟ್ಟು ಎಲ್ಲಿಗೂ ಹೋಗಬೇಕಿಲ್ಲ. ಹೆರಿಗೆಯಾದ 3, 7, 14, 21, 28 ಮತ್ತು 42ನೇ ದಿನ ಆಶಾ ಕಾರ್ಯಕರ್ತೆ ಮನೆಗೆ ಬಂದು ನೋಡಬೇಕೆಂದು ನಿಯಮವೇ ಇದೆ. ಅಂಗನವಾಡಿಯಲ್ಲೂ ತಕ್ಕಡಿ ಇರುತ್ತೆ. 6, 10, 14ನೇ ವಾರ ಚುಚ್ಚುಮದ್ದಿಗೆ ಹೋದಾಗ ತೂಕ ಹಾಕಿಸಿ ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ. ಗೆರೆ ಮೇಲಕ್ಕೆ ಹೋಗುತ್ತಿದ್ದರೆ ಮಗು ದಿನಕ್ಕೆ ಹತ್ತು ಸಲ ಕಕ್ಕಿದರೂ ತೊಂದರೆ ನಿಮ್ಮ ಬಟ್ಟೆಗೆ ಮಾತ್ರ.

ಹಾಲು ಕುಡಿಸುವ ರೀತಿಯಲ್ಲಿ ಏನಾದರೂ ಬದಲಿಸಬೇಕಾ?

ಮೊದಲು ಮಗು ಬಾಯಿ ಹಾಕಿರುವುದನ್ನು ನೋಡಿ. ಬರೀ ತೊಟ್ಟನ್ನು ಚೀಪುತ್ತಿದ್ದರೆ "ಚಪ್ ಚಪ್" ಸದ್ದು ಬರುತ್ತೆ, ಪ್ರತಿ ಸದ್ದಿಗೂ ಗಾಳಿ ಒಳಗೆ ಹೋಗುತ್ತೆ. ಬಾಯಿ ಅಗಲ ತೆರೆದು, ತೊಟ್ಟಿನ ಸುತ್ತಲ ಕಪ್ಪು ಭಾಗವೂ, ಅದರಲ್ಲೂ ಕೆಳಭಾಗ, ಬಾಯೊಳಗೆ ಹೋಗಬೇಕು. ಗದ್ದ ಎದೆಗೆ ತಾಗಿರಬೇಕು, ಕೆಳದುಟಿ ಹೊರಕ್ಕೆ ಮಡಚಿರಬೇಕು. ಆಗ ಕೇಳುವುದು ಗುಟುಕರಿಸುವ ಸದ್ದು ಮಾತ್ರ. ಸರಿಯಾಗಿಲ್ಲದಿದ್ದರೆ ಎಳೆಯಬೇಡಿ, ಕಿರುಬೆರಳನ್ನು ಬಾಯಿಯ ಅಂಚಿಗೆ ತೂರಿಸಿ ಬಿಡಿಸಿ ಮತ್ತೆ ಹಾಕಿ.

ಮಗುವಿನ ತಲೆ ಹೊಟ್ಟೆಗಿಂತ ಎತ್ತರದಲ್ಲಿರಲಿ, ಕತ್ತು ತಿರುಚದೆ ಇಡೀ ಮೈ ನಿಮ್ಮ ಕಡೆ ತಿರುಗಿರಲಿ. ಅಳುವವರೆಗೂ ಕಾಯಬೇಡಿ. ಅತ್ತು ಅತ್ತು ಗಾಳಿ ನುಂಗಿದ ಮಗು ಹಸಿವಿನ ಅವಸರದಲ್ಲಿ ಗಬಗಬ ಕುಡಿದು ಅಷ್ಟನ್ನೂ ಕಕ್ಕುತ್ತೆ. ಕೈ ಬಾಯಿಗೆ ಹಾಕಿಕೊಳ್ಳುವುದು, ತಲೆ ಅತ್ತಿತ್ತ ತಿರುಗಿಸಿ ಹುಡುಕುವುದು ಕಂಡ ಕೂಡಲೇ ಎದೆಗೆ ಹಾಕಿಕೊಳ್ಳಿ. ಸಾಕೆಂದು ಬಾಯಿ ಬಿಟ್ಟ ಮಗುವಿಗೆ "ಇನ್ನೊಂದು ಚೂರು" ಎಂದು ತುರುಕಬೇಡಿ.

ಹಾಲು ಇಳಿಯುವಾಗ ರಭಸಕ್ಕೆ ಮಗು ಕೆಮ್ಮುತ್ತೆ, ಬಾಯಿ ಬಿಟ್ಟುಬಿಡುತ್ತೆ. ಏನು ಮಾಡಲಿ?

ಹಾಲು ಜಾಸ್ತಿ ಇರುವ ತಾಯಂದಿರಲ್ಲಿ ಇದು ಸಾಮಾನ್ಯ. ಎರಡು ಉಪಾಯ ಹೇಳುತ್ತೇನೆ. ಮೊದಲ ರಭಸವನ್ನು ಬಟ್ಟೆಗೋ ಬಟ್ಟಲಿಗೋ ಕೈಯಲ್ಲಿ ಹಿಂಡಿ, ಹನಿ ನಿಧಾನವಾದ ಮೇಲೆ ಮಗುವನ್ನು ಹಾಕಿಕೊಳ್ಳಿ. ಇಲ್ಲವೇ ಬೆನ್ನಿಗೆ ದಿಂಬುಗಳನ್ನು ಕೊಟ್ಟುಕೊಂಡು ಹಿಂದಕ್ಕೆ ಒರಗಿ, ಮಗುವನ್ನು ನಿಮ್ಮ ಮೈಮೇಲೆ ಬೋರಲಾಗಿ ಮಲಗಿಸಿಕೊಂಡು ಕುಡಿಸಿ. ಹಾಲು ಮೇಲಕ್ಕೆ ಏರಬೇಕಾದ್ದರಿಂದ ರಭಸ ತಾನಾಗಿಯೇ ತಗ್ಗುತ್ತೆ. ಒಂದು ಕಡೆಯ ಹಾಲು ಪೂರ್ತಿ ಮುಗಿದ ಮೇಲಷ್ಟೇ ಇನ್ನೊಂದು ಕಡೆ ಕೊಡಿ.

ತೇಗಿಸುವುದು ಹೇಗೆ? ಎಷ್ಟು ಬೆನ್ನು ತಟ್ಟಿದರೂ ತೇಗುವುದಿಲ್ಲ.

ತಟ್ಟುವುದಕ್ಕಿಂತ ನೇರ ಹಿಡಿಯುವುದೇ ಮುಖ್ಯ. ಹೆಗಲ ಮೇಲೆ ಹಾಕಿಕೊಂಡಾಗ ಮಗುವಿನ ಗದ್ದ ನಿಮ್ಮ ಹೆಗಲಿನ ಮೇಲಿರಲಿ, ಅದರ ಹೊಟ್ಟೆ ನಿಮ್ಮ ಹೆಗಲಿನ ಮೂಳೆಗೆ ಒತ್ತದಿರಲಿ. ಒಂದು ಕೈ ಕುಂಡಿಗೆ, ಇನ್ನೊಂದು ಕೈ ಬೆನ್ನಿಗೆ. ಬೆನ್ನನ್ನು ಕೆಳಗಿನಿಂದ ಮೇಲಕ್ಕೆ ಸವರಿ, ನಡುನಡುವೆ ಮೆಲ್ಲಗೆ ತಟ್ಟಿ. ಇನ್ನೊಂದು ರೀತಿ: ತೊಡೆಯ ಮೇಲೆ ಅಡ್ಡ ಕೂರಿಸಿ, ಒಂದು ಅಂಗೈಯನ್ನು ಎದೆಗೆ ಕೊಟ್ಟು ಹೆಬ್ಬೆರಳು ತೋರುಬೆರಳುಗಳಿಂದ ದವಡೆಗೆ ಆಸರೆ ಕೊಡಿ, ಗಂಟಲು ಒತ್ತಬಾರದು. ಸ್ವಲ್ಪ ಮುಂದಕ್ಕೆ ಬಾಗಿಸಿ ಬೆನ್ನು ಸವರಿ. ಬೆಳೆದ ಮಗುವಿಗೆ ಈ ಎರಡನೆಯದೇ ಚೆನ್ನಾಗಿ ಆಗಿಬರುತ್ತೆ.

ಒಂದು ಕಡೆ ಕುಡಿದಾದ ಮೇಲೆ ಒಮ್ಮೆ, ಪೂರ್ತಿ ಮುಗಿದ ಮೇಲೆ ಒಮ್ಮೆ ತೇಗಿಸಿ. ಐದು ನಿಮಿಷ ನೋಡಿ, ಬರದಿದ್ದರೆ ಬಿಡಿ. ಎದೆಹಾಲು ಚೆನ್ನಾಗಿ ಬಾಯಿ ಹಾಕಿ ಕುಡಿಯುವ ಮಕ್ಕಳು ಗಾಳಿ ಕಡಿಮೆ ನುಂಗುತ್ತವೆ, ಪ್ರತಿ ಸಲ ತೇಗಲೇಬೇಕೆಂದಿಲ್ಲ. ತೇಗು ಬಂದರೂ ಬರದಿದ್ದರೂ ಇಪ್ಪತ್ತರಿಂದ ಮೂವತ್ತು ನಿಮಿಷ ಎದೆಗವಚಿ ನೇರವಾಗಿ ಹಿಡಿದುಕೊಂಡಿರಿ. ಈ ಕೆಲಸಕ್ಕೆ ನೀವೇ ಆಗಬೇಕಿಲ್ಲ. ಮಗುವಿನ ಅಪ್ಪ, ತಾತ ಯಾರಾದರೂ ಎತ್ತಿಕೊಳ್ಳಬಹುದು. ಆ ಅರ್ಧ ಗಂಟೆ ಬಾಣಂತಿಗೆ ಊಟವೋ ನಿದ್ದೆಯೋ ಆಗುತ್ತೆ.

ಎಣ್ಣೆ ಹಚ್ಚಿ ನೀರು ಹಾಕುವಾಗ ಯಾವಾಗಲೂ ಕಕ್ಕುತ್ತೆ.

ಹಾಲು ಕುಡಿಸಿದ ತಕ್ಷಣ ನೀರು ಹಾಕುತ್ತಿದ್ದೀರೇನೋ ನೋಡಿ. ನೀರು ಹಾಕುವ ಅಜ್ಜಿ ಚಾಚಿದ ಕಾಲ ಮೇಲೆ ಮಗುವನ್ನು ಬೋರಲು ಹಾಕಿ ಬೆನ್ನು ನೀವುವಾಗ ಹೊಟ್ಟೆ ಒತ್ತಿಕೊಳ್ಳುತ್ತೆ. ಕುಡಿದು ಒಂದು ಗಂಟೆಯಾದರೂ ಆಗಿರಲಿ. ನೀರು ಹಾಕಿದ ಮೇಲೆ ಹಸಿದು ಚೆನ್ನಾಗಿ ಕುಡಿದು ಮಲಗುತ್ತೆ, ಆ ಕ್ರಮವೇ ಒಳ್ಳೆಯದು. ಮೂಗಿಗೆ, ಬಾಯಿಗೆ ಎಣ್ಣೆ ಬಿಡಬೇಡಿ ಎಂದು ಮಾತ್ರ ಅಜ್ಜಿಗೆ ಕೈಮುಗಿದು ಹೇಳಿ. ಆ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತೆ. ಸಾಂಬ್ರಾಣಿ ಹೊಗೆಯೂ ಬೇಡ.

ಇನ್ನೆರಡು ಸಣ್ಣ ವಿಷಯ. ಉಡಿದಾರ ಬಿಗಿಯಾಗಿದೆಯೇ ನೋಡಿ. ನಾಮಕರಣದಲ್ಲಿ ಕಟ್ಟಿದ್ದು ಎರಡೇ ತಿಂಗಳಿಗೆ ಹೊಟ್ಟೆಯಲ್ಲಿ ಗೆರೆ ಮೂಡಿಸಿರುತ್ತೆ. ಎರಡು ಬೆರಳು ಸಲೀಸಾಗಿ ಹೋಗಬೇಕು, ಡೈಪರ್ ಪಟ್ಟಿಗೂ ಇದೇ ಲೆಕ್ಕ. ಹಾಗೆಯೇ ಕುಡಿದ ಕೂಡಲೇ ಜೋಲಿಗೆ ಹಾಕಿ ತೂಗಬೇಡಿ. ಜೋಲಿಯಲ್ಲಿ ಮೈ ಬಿಲ್ಲಿನಂತೆ ಬಾಗಿ ಗದ್ದ ಎದೆಗೆ ತಾಗುತ್ತೆ, ಹೊಟ್ಟೆ ಮಡಚಿಕೊಳ್ಳುತ್ತೆ.

ಅಂಗಾತ ಮಲಗಿಸಿದರೆ ಹಾಲು ನೆತ್ತಿಗೆ ಹತ್ತುವುದಿಲ್ಲವಾ? ಮಗ್ಗುಲು ಮಲಗಿಸಲಾ, ದಿಂಬು ಕೊಡಲಾ?

ಎಲ್ಲರಿಗೂ ಇರುವ ಭಯ ಇದು. ಆದರೂ ಉತ್ತರ ಅಂಗಾತ ಎಂದೇ. ಕಕ್ಕುವ ಮಗುವಿಗೂ ಅಂಗಾತ.

ಅಂಗಾತ ಮಲಗಿದಾಗ ಉಸಿರಿನ ಕೊಳವೆ ಮೇಲಿರುತ್ತೆ, ಅನ್ನನಾಳ ಅದರ ಕೆಳಗಿರುತ್ತೆ. ಮೇಲೆ ಬಂದ ಹಾಲು ಉಸಿರಿನ ಕೊಳವೆಗೆ ಹೋಗಬೇಕಾದರೆ ಗುರುತ್ವಕ್ಕೆ ಎದುರಾಗಿ ಹತ್ತಬೇಕು. ಬೋರಲು ಮಲಗಿಸಿದರೆ ತಲೆಕೆಳಗು: ಅನ್ನನಾಳ ಮೇಲೆ, ಉಸಿರಿನ ಕೊಳವೆ ಕೆಳಗೆ. ಜೊತೆಗೆ ಮಗುವಿಗೆ ಕೆಮ್ಮುವ, ನುಂಗುವ, ತಲೆ ತಿರುಗಿಸುವ ಸಹಜ ರಕ್ಷಣೆ ಇದೆ. ಬೋರಲು ಮಲಗಿಸಿದ ಮಕ್ಕಳಲ್ಲಿ ನಿದ್ದೆಯಲ್ಲೇ ಹಠಾತ್ ಸಾವು ಹೆಚ್ಚು ಎಂದು ಗೊತ್ತಾಗಿ ಅಮೆರಿಕದಲ್ಲಿ 1994ರಿಂದ ಅಂಗಾತ ಮಲಗಿಸಿ ಎಂದು ದೊಡ್ಡ ಪ್ರಚಾರವೇ ನಡೆಯಿತು, ಅಂಥ ಸಾವುಗಳು ಬಹಳ ಇಳಿದವು.

ತಲೆ ಗುಂಡಗಾಗಲೆಂದು ಕೊಡುವ ಸಾಸಿವೆ ದಿಂಬು, ರಾಗಿ ದಿಂಬು ಬೇಡ. ಇಳಿಜಾರು ಹಾಸಿಗೆಯೂ ಬೇಡ, ಮಗು ಜಾರಿ ಕತ್ತು ಬಾಗಿ ಉಸಿರು ಕಟ್ಟಬಹುದು. ಸಮತಟ್ಟಾದ ಗಟ್ಟಿ ಹಾಸಿಗೆ ಸಾಕು. ಎಚ್ಚರವಾಗಿದ್ದಾಗ, ನೀವು ಎದುರಿಗಿದ್ದಾಗ, ಹಾಲಿಗೆ ಮುಂಚೆ ಸ್ವಲ್ಪ ಹೊತ್ತು ಬೋರಲು ಹಾಕಿ ಆಡಿಸಿ, ಕತ್ತು ಗಟ್ಟಿಯಾಗುತ್ತೆ.

ರಾತ್ರಿ ಮಲಗಿಕೊಂಡೇ ಹಾಲು ಕೊಡುತ್ತೇನೆ. ಎಬ್ಬಿಸಿ ತೇಗಿಸಬೇಕಾ?

ಕುಡಿಯುತ್ತಲೇ ನಿದ್ದೆ ಹೋದ ಮಗುವನ್ನು ಎಬ್ಬಿಸಬೇಕಿಲ್ಲ. ತುಂಬ ಕಕ್ಕುವ ಮಗುವಾದರೆ ಎಬ್ಬಿಸದೆಯೇ ಹೆಗಲಿಗೆ ಹಾಕಿಕೊಂಡು ಹತ್ತು ನಿಮಿಷ ಕೂತು, ಆಮೇಲೆ ಅಂಗಾತ ಮಲಗಿಸಿ. ನಿಮಗೇ ತೂಕಡಿಕೆ ಬರುತ್ತಿದ್ದರೆ ಕುರ್ಚಿಯಲ್ಲೋ ಸೋಫಾದಲ್ಲೋ ಮಗುವನ್ನು ಹಿಡಿದು ಕೂರಬೇಡಿ, ಮನೆಯವರನ್ನು ಎಬ್ಬಿಸಿ ಕೊಡಿ.

ಮೂಗಿನಿಂದ ಹಾಲು ಬಂತು. ಉಸಿರು ಕಟ್ಟಿದ ಹಾಗಾಯಿತು.

ಮೂಗು, ಗಂಟಲು ಹಿಂದುಗಡೆ ಸೇರಿಕೊಂಡೇ ಇವೆ, ಹಾಗಾಗಿ ಮೂಗಿನಿಂದ ಬರುವುದುಂಟು. ಮಗುವನ್ನು ಪಕ್ಕಕ್ಕೆ ತಿರುಗಿಸಿ, ಬಾಯಿಯ ಹಾಲನ್ನು ಬಟ್ಟೆಯಲ್ಲಿ ಒರೆಸಿ, ಎತ್ತಿ ನೇರ ಹಿಡಿಯಿರಿ. ಕೆಮ್ಮುತ್ತಿದ್ದರೆ, ಅಳುತ್ತಿದ್ದರೆ ಗಾಳಿ ಆಡುತ್ತಿದೆ ಎಂದೇ ಅರ್ಥ. ತಲೆಕೆಳಗೆ ಹಿಡಿಯುವುದು, ಗಂಟಲಿಗೆ ಬೆರಳು ಹಾಕುವುದು, ಮೂಗಿಗೆ ಊದುವುದು ಬೇಡ.

ಸದ್ದೇ ಇಲ್ಲದೆ ಮೈ ನೀಲಿಯಾದರೆ ಮಾತ್ರ ತಡಮಾಡಬೇಡಿ. ಮುಂಗೈ ಮೇಲೆ ಬೋರಲಾಗಿ, ತಲೆ ಎದೆಗಿಂತ ತಗ್ಗಿರುವಂತೆ ಹಾಕಿಕೊಂಡು, ಎರಡು ಹೆಗಲ ನಡುವೆ ಅಂಗೈ ಬುಡದಿಂದ ಐದು ಸಲ ಗುದ್ದಿ. ಆಗದಿದ್ದರೆ ಅಂಗಾತ ತಿರುಗಿಸಿ, ತೊಟ್ಟುಗಳ ಗೆರೆಗಿಂತ ತುಸು ಕೆಳಗೆ ಎದೆಯ ನಡುವೆ ಎರಡು ಬೆರಳಿನಿಂದ ಐದು ಸಲ ಒತ್ತಿ. ಉಸಿರು ಬರುವವರೆಗೆ ಇದೇ ಮಾಡುತ್ತಿರಿ, ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ.

ಕಕ್ಕಿದ ಮೇಲೆ ಮತ್ತೆ ಕುಡಿಸಬೇಕಾ?

ಕೇಳಿದರೆ ಕೊಡಿ, ಕೇಳದಿದ್ದರೆ ಬೇಡ.

ಬಿಕ್ಕಳಿಕೆ ಬಂದರೆ?

ತಾನಾಗಿಯೇ ನಿಲ್ಲುತ್ತೆ. ನೀರು ಕುಡಿಸಬೇಡಿ. ಹಣೆ ಮೇಲೆ ದಾರದ ಎಳೆ ಇಡುತ್ತಾರಲ್ಲ, ಅದರಿಂದ ಕೆಡುಕಿಲ್ಲ. ಆದರೆ ಆ ದಾರ ಮಗುವಿನ ಬಾಯಿಗೆ ಹೋಗದಂತೆ ನೋಡಿಕೊಳ್ಳಿ.

ಗ್ರೈಪ್ ವಾಟರ್, ಬಜೆ, ಜೇನು ಕೊಡಬಹುದಾ? ನಮ್ಮಜ್ಜಿ ನಮಗೆಲ್ಲ ಕೊಟ್ಟಿದ್ದಾರೆ.

ಅಜ್ಜಿಯ ಪ್ರೀತಿ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆರು ತಿಂಗಳವರೆಗೆ ಎದೆಹಾಲಲ್ಲದೆ ಇನ್ನೇನೂ ಬೇಡ, ನೀರೂ ಬೇಡ. ವಿಟಮಿನ್ ಡಿ ಹನಿಯಂಥ ಡಾಕ್ಟರು ಬರೆದ ಔಷಧಿ ಮಾತ್ರ ಇದಕ್ಕೆ ಹೊರತು.

ಗ್ರೈಪ್ ವಾಟರ್ 1851ರಲ್ಲಿ ಇಂಗ್ಲೆಂಡಿನ ವಿಲಿಯಂ ವುಡ್‌ವರ್ಡ್ ತಯಾರಿಸಿದ್ದು. ಆಗ ಅದರಲ್ಲಿ ಸಬ್ಬಸಿಗೆ ಎಣ್ಣೆ, ಸೋಡಾ, ಸಕ್ಕರೆಯ ಜೊತೆಗೆ ಮದ್ಯಸಾರವೂ ಇತ್ತು. ಮಗು ಸುಮ್ಮನಾಗುತ್ತಿದ್ದುದಕ್ಕೆ ಅದೂ ಒಂದು ಕಾರಣವಿದ್ದೀತು. ಈಗಿನದ್ದರಲ್ಲಿ ಮದ್ಯಸಾರ ಇಲ್ಲದಿದ್ದರೂ ಕಕ್ಕುವುದನ್ನು ನಿಲ್ಲಿಸುವ ಗುಣ ಅದಕ್ಕಿಲ್ಲ. ಪುಟ್ಟ ಹೊಟ್ಟೆಯಲ್ಲಿ ಹಾಲಿನ ಜಾಗವನ್ನು ಅದು ತಿನ್ನುತ್ತೆ.

ಬಜೆ ಬೇರಿನಲ್ಲಿ ಬೀಟಾ ಅಸರೋನ್ ಎಂಬ ಅಂಶವಿದೆ. ಅಮೆರಿಕದಲ್ಲಿ 1968ರಲ್ಲೇ ಬಜೆಯನ್ನು ಆಹಾರದಲ್ಲಿ ಬಳಸದಂತೆ ನಿಷೇಧಿಸಿದರು. ಅದಿರಲಿ, ಬಜೆ ಜಾಸ್ತಿಯಾದರೆ ಅದೇ ವಾಂತಿ ತರಿಸುತ್ತೆ. ಕಕ್ಕುವ ಮಗುವಿಗೆ ಬಜೆ ತೇಯ್ದು ನೆಕ್ಕಿಸಿ, ವಾಂತಿ ಹೆಚ್ಚಾಯಿತೆಂದು ಇನ್ನೂ ಒಂದು ಸುತ್ತು ತೇಯ್ದ ಮನೆಗಳನ್ನು ನಾನು ಕಂಡಿದ್ದೇನೆ. ಬಜೆ, ಜಾಯಿಕಾಯಿ, ಅಳಲೆಕಾಯಿ ತೇಯುವ ಕಲ್ಲು, ನೀರು ಎಷ್ಟು ಚೊಕ್ಕಟವಾಗಿದ್ದಾವು ಎಂಬ ಪ್ರಶ್ನೆ ಬೇರೆ. ಜೇನನ್ನಂತೂ ಒಂದು ವರ್ಷ ತುಂಬುವವರೆಗೆ ನಾಲಿಗೆಗೂ ಸವರಬೇಡಿ. ಬಾಟುಲಿಸಂ ಎಂಬ ಅಪಾಯಕಾರಿ ಕಾಯಿಲೆಯ ಬೀಜಾಣು ಅದರಲ್ಲಿರಬಹುದು.

ಅಜ್ಜಿಯ ಮನಸ್ಸು ನೋಯಿಸದೆ ಹೇಳುವುದು ಕಷ್ಟವಾದರೆ ಬಜೆಯನ್ನು ದಾರಕ್ಕೆ ಪೋಣಿಸಿ ತೊಟ್ಟಿಲ ಹೊರಗಡೆ, ಮಗುವಿನ ಕೈಗೆ ಎಟುಕದ ಕಡೆ ಕಟ್ಟಲು ಹೇಳಿ. ನಮ್ಮತ್ತೆಯವರ ಹತ್ತಿರ ನಾನು ಹಾಗೇ ಮಾಡಿದೆ, ಅವರಿಗೂ ಸಮಾಧಾನವಾಯಿತು.

ದೃಷ್ಟಿಯಾಗಿದೆ ಅಂತಾರೆ.

ದೃಷ್ಟಿ ತೆಗೆಯಲಿ, ಬೇಡ ಎನ್ನಬೇಡಿ. ಮೆಣಸಿನಕಾಯಿ ಸುಟ್ಟ ಘಾಟು ಮಗುವಿನ ಹತ್ತಿರ ಬರದಿದ್ದರೆ ಸಾಕು. ದೃಷ್ಟಿ ತೆಗೆದಾಯಿತೆಂದು ಡಾಕ್ಟರಿಗೆ ತೋರಿಸುವುದನ್ನು ಮುಂದೂಡಬಾರದು, ಅಷ್ಟೇ.

ನಾನು ಏನು ತಿಂದರೆ ಮಗು ಕಕ್ಕುತ್ತೆ? ಸೊಪ್ಪು, ತರಕಾರಿ, ನೀರು ಎಲ್ಲ ಬಿಡಿಸಿದ್ದಾರೆ.

ನೀವು ಬದನೆಕಾಯಿ ತಿಂದಿದ್ದಕ್ಕೆ ಮಗು ಕಕ್ಕುವುದಿಲ್ಲ. ಬೆಳ್ಳುಳ್ಳಿ ಮೆಣಸಿನ ಸಾರು ಇಷ್ಟವಿದ್ದರೆ ಉಣ್ಣಿ, ಅದರ ಜೊತೆ ಸೊಪ್ಪು, ಬೇಳೆ, ಹಣ್ಣು, ಮೊಟ್ಟೆ ಎಲ್ಲವೂ ಇರಲಿ. ಬಾಣಂತಿಗೆ ನೀರು ಕೊಡದೆ ಗಂಟಲು ಒಣಗಿಸುವ ಪದ್ಧತಿ ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತೆ. ಬಾಯಾರಿಕೆಯಾದಷ್ಟೂ ಕುಡಿಯಿರಿ.

ಇದಕ್ಕೆ ಹೊರತಾದದ್ದು ಒಂದಿದೆ. ಕೆಲವೇ ಮಕ್ಕಳಿಗೆ ಹಸುವಿನ ಹಾಲಿನ ಪ್ರೋಟೀನ್ ಆಗಿಬರುವುದಿಲ್ಲ, ತಾಯಿ ಕುಡಿದ ಹಾಲಿನ ಅಂಶ ಎದೆಹಾಲಿನ ಮೂಲಕ ಹೋಗಿ ತೊಂದರೆ ಕೊಡುತ್ತೆ. ಕಕ್ಕುವುದರ ಜೊತೆ ಮಲದಲ್ಲಿ ರಕ್ತ, ಲೋಳೆ, ಮೈಮೇಲೆ ಗಂಧೆ ಅಥವಾ ಇಸುಬು, ಸಮಾಧಾನವೇ ಆಗದ ಅಳು ಇದ್ದರೆ ಡಾಕ್ಟರಿಗೆ ತೋರಿಸಿ. ಅವರು ಹೇಳಿದರೆ ಹಾಲು, ಮೊಸರು, ತುಪ್ಪ, ಪನೀರ್ ಎರಡರಿಂದ ನಾಲ್ಕು ವಾರ ನಿಲ್ಲಿಸಿ ನೋಡಬೇಕಾಗುತ್ತೆ. ಆಗಲೂ ನಿಲ್ಲಿಸುವುದು ನಿಮ್ಮ ಊಟದ ಹಾಲನ್ನು. ಎದೆಹಾಲನ್ನು ಅಲ್ಲ.

ಡಬ್ಬಿ ಹಾಲಿಗೆ ಬದಲಾಯಿಸಿದರೆ ನಿಲ್ಲುತ್ತಾ? ರಾಗಿ ಸರಿ ಗಟ್ಟಿಯಾಗಿರುತ್ತಲ್ಲ, ಮೂರು ತಿಂಗಳಿಗೇ ಶುರು ಮಾಡಲಾ?

ಎರಡೂ ಬೇಡ. ಎದೆಹಾಲು ಹೊಟ್ಟೆಯಿಂದ ಡಬ್ಬಿ ಹಾಲಿಗಿಂತ ಬೇಗ ಖಾಲಿಯಾಗುತ್ತೆ. ಬಾಟಲಿಯಲ್ಲಾದರೆ ಗಾಳಿಯೂ ರಭಸವೂ ಜಾಸ್ತಿ. ಡಬ್ಬಿ ಹಾಲಿನ ಜಾಹೀರಾತು, ಉಚಿತ ಸ್ಯಾಂಪಲ್ ಎರಡನ್ನೂ ನಮ್ಮ ದೇಶದಲ್ಲಿ 1992ರ ಕಾಯ್ದೆ ನಿಷೇಧಿಸಿದೆ, ಅದು ತಾಯಂದಿರನ್ನು ಇಂಥ ದಿಗಿಲಿನ ಹೊತ್ತಲ್ಲಿ ಕಾಯಲೆಂದೇ ಬಂದದ್ದು. ಹಸುವಿನ ಹಾಲು ಒಂದು ವರ್ಷದವರೆಗೆ ಕುಡಿಯುವ ಹಾಲಾಗಿ ಬೇಡವೇ ಬೇಡ. ರಾಗಿ ಸರಿ ಒಳ್ಳೆಯ ಆಹಾರ, ಆದರೆ ಅದರ ಕಾಲ ಆರು ತಿಂಗಳು ತುಂಬಿದ ಮೇಲೆ.

ಕೆಲಸಕ್ಕೆ ಹೋಗುವವರು ಎದೆಹಾಲು ಹಿಂಡಿ ಇಟ್ಟು ಹೋಗಬಹುದು. ಹೊರಗೆ ನಾಲ್ಕು ಗಂಟೆ, ಸೆಕೆ ಜಾಸ್ತಿ ಇದ್ದರೆ ಇನ್ನೂ ಕಡಿಮೆ, ಫ್ರಿಜ್‌ನಲ್ಲಿ ನಾಲ್ಕು ದಿನ ಇರುತ್ತೆ. ಬಾಟಲಿಗಿಂತ ಒಳಲೆಯಲ್ಲೋ ಚಮಚದಲ್ಲೋ, ಮಗುವನ್ನು ಕೂತ ಭಂಗಿಯಲ್ಲಿ ಹಿಡಿದು, ನುಂಗಿದ ಮೇಲೆ ಮುಂದಿನ ಗುಟುಕು ಕೊಡಿ. ಮಲಗಿಸಿ ಗಂಟಲಿಗೆ ಸುರಿಯಬಾರದು.

ಮೆಡಿಕಲ್ ಶಾಪಿನಲ್ಲಿ ವಾಂತಿ ನಿಲ್ಲಿಸುವ ಡ್ರಾಪ್ಸ್ ಕೊಟ್ಟರು.

ವಾಪಸ್ ಕೊಟ್ಟುಬಿಡಿ. ಆಡಿಕೊಂಡು ತೂಕ ಏರುತ್ತಿರುವ ಮಗುವಿಗೆ ಔಷಧಿ ಬೇಕಿಲ್ಲ. ಇಂಥ ಡ್ರಾಪ್ಸ್‌ನಲ್ಲಿ ಇರಬಹುದಾದ ಡೊಂಪೆರಿಡೋನ್ ಎಂಬ ಔಷಧಿ ಹೃದಯ ಬಡಿತದ ಲಯ ಕೆಡಿಸಬಹುದೆಂದು ಯುರೋಪಿನ ಔಷಧ ಸಂಸ್ಥೆ 2014ರಲ್ಲೇ ಅದರ ಬಳಕೆಗೆ ಕಡಿವಾಣ ಹಾಕಿತು. ಆಮ್ಲ ತಗ್ಗಿಸುವ ಔಷಧಿಗಳು ಕಕ್ಕುವುದನ್ನು ನಿಲ್ಲಿಸುವುದಿಲ್ಲ. ಮಗುವನ್ನು ಪರೀಕ್ಷಿಸಿದ ಮಕ್ಕಳ ಡಾಕ್ಟರು ಬರೆದುಕೊಟ್ಟರೆ ಮಾತು ಬೇರೆ.

ಯಾವಾಗ ಡಾಕ್ಟರ ಹತ್ತಿರ ಓಡಬೇಕು?

ಬಣ್ಣ ಮೊದಲು. ಸೊಪ್ಪಿನ ರಸದಂಥ ಹಸಿರು ವಾಂತಿ ಎಂದರೆ ಪಿತ್ತ, ಕರುಳು ತಿರುಚಿಕೊಂಡಿರಬಹುದು. ಅಲ್ಲಿ ಗಂಟೆಗಳ ಲೆಕ್ಕ, ಬೆಳಗಾಗಲಿ ಎಂದು ಕಾಯಬಾರದು. ಕೆಂಪು ಅಥವಾ ಕಾಫಿ ಪುಡಿ ಬಣ್ಣವೂ ಹಾಗೆಯೇ. ನಿಮ್ಮ ತೊಟ್ಟು ಬಿರಿದು ರಕ್ತ ಬರುತ್ತಿದ್ದರೆ ಆ ರಕ್ತವೇ ಬಂದಿರಲೂಬಹುದು, ಅದನ್ನೂ ಡಾಕ್ಟರಿಗೆ ಹೇಳಿ, ಅವರೇ ನೋಡಿ ತೀರ್ಮಾನಿಸಲಿ.

ಆಮೇಲೆ ರಭಸ. ಮೂರರಿಂದ ಆರು ವಾರದ ಮಗು, ಹೆಚ್ಚಾಗಿ ಗಂಡು ಮಗು, ಪ್ರತಿ ಸಲ ಕುಡಿದ ಮೇಲೂ ದೂರಕ್ಕೆ ಚಿಮ್ಮುವಂತೆ ವಾಂತಿ ಮಾಡಿ ಮರುಕ್ಷಣವೇ ಹಸಿವಿನಿಂದ ಹುಡುಕಿದರೆ ಹೊಟ್ಟೆಯಿಂದ ಕರುಳಿಗೆ ಹೋಗುವ ದಾರಿ ದಪ್ಪಗಾಗಿ ಮುಚ್ಚಿಕೊಂಡಿರಬಹುದು. ಸ್ಕ್ಯಾನಿಂಗ್‌ನಲ್ಲಿ ಗೊತ್ತಾಗುತ್ತೆ. ಇದಕ್ಕೆ ನೂರು ವರ್ಷಕ್ಕೂ ಹಿಂದಿನಿಂದ ಮಾಡುತ್ತಾ ಬಂದಿರುವ ಶಸ್ತ್ರಚಿಕಿತ್ಸೆ ಇದೆ, ಮಕ್ಕಳು ಬೇಗ ಚೇತರಿಸಿಕೊಳ್ಳುತ್ತವೆ. ತಡವಾದರೆ ಮಾತ್ರ ಮಗು ಬಾಡಿಹೋಗುತ್ತೆ.

ಇವನ್ನೂ ಗಮನಿಸಿ: ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಅಥವಾ ಹೆಚ್ಚು ಜ್ವರ. ಹೊಟ್ಟೆ ಉಬ್ಬಿ ಗಟ್ಟಿಯಾಗುವುದು. ನೆತ್ತಿ ಉಬ್ಬುವುದು ಅಥವಾ ಗುಳಿ ಬೀಳುವುದು. ಆರೆಂಟು ಗಂಟೆ ಉಚ್ಚೆಯೇ ಹೊಯ್ಯದಿರುವುದು. ಎದೆಗೆ ಹಾಕಿದರೆ ಬೆನ್ನು ಬಿಲ್ಲಾಗಿಸಿ ಕಿರುಚಿ ಹಾಲು ಬೇಡವೆನ್ನುವುದು. ಕುಡಿಯುವಾಗಲೆಲ್ಲ ಕೆಮ್ಮು, ಗೊರಗೊರ ಉಸಿರು. ತೂಕ ಏರದಿರುವುದು. ಆರು ತಿಂಗಳವರೆಗೆ ಕಕ್ಕದಿದ್ದ ಮಗು ಹೊಸದಾಗಿ ಶುರು ಮಾಡುವುದು. ಸಾಧ್ಯವಾದರೆ ವಾಂತಿಯಾದ ಬಟ್ಟೆಯನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ, ಇಲ್ಲವೇ ಫೋಟೊ ತೆಗೆಯಿರಿ. "ಹಸಿರು" ಎಂದು ನೀವು ಹೇಳುವುದಕ್ಕಿಂತ ಅದು ಬೇಗ ಕೆಲಸ ಮಾಡುತ್ತೆ.

ಇದು ಯಾವಾಗ ನಿಲ್ಲುತ್ತೆ?

ಮಗು ಕೂರಲು ಕಲಿತು, ಗಟ್ಟಿ ಆಹಾರ ಶುರುವಾದ ಮೇಲೆ, ಅಂದರೆ ಆರೇಳು ತಿಂಗಳಿಂದ ಇಳಿಯುತ್ತಾ ಬರುತ್ತೆ. ವರ್ಷ ತುಂಬುವ ಹೊತ್ತಿಗೆ ನೂರರಲ್ಲಿ ಐದಾರು ಮಕ್ಕಳಷ್ಟೇ ಕಕ್ಕುತ್ತಿರುತ್ತವೆ. ಒಂದೂವರೆ ವರ್ಷವಾದರೂ ನಿಲ್ಲದಿದ್ದರೆ ತೋರಿಸಿ.

ಕತ್ತಿನ ಮಡಿಕೆಯಲ್ಲಿ ಕೆಂಪಾಗಿದೆ. ಬಟ್ಟೆಯ ವಾಸನೆಯೂ ಹೋಗುತ್ತಿಲ್ಲ.

ಕಕ್ಕಿದ ಹಾಲು ಗದ್ದದ ಕೆಳಗೆ ಇಳಿದು ಮಡಿಕೆಯಲ್ಲಿ ಕೂತು ಹುಳಿಯಾಗುತ್ತೆ. ಮಗುವಿನ ತಲೆಯನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿ ಮಡಿಕೆ ಬಿಡಿಸಿದರೆ ಬೆಣ್ಣೆಯ ಹಾಗೆ ಬಿಳಿ ಗೆರೆ ಕಾಣುತ್ತೆ. ಉಗುರುಬೆಚ್ಚಗಿನ ನೀರಲ್ಲಿ ಅದ್ದಿದ ಮೆತ್ತನೆ ಬಟ್ಟೆಯಿಂದ ಉಜ್ಜದೆ ಒತ್ತಿ ತೆಗೆದು, ಒಣ ಬಟ್ಟೆಯಿಂದ ಪೂರ್ತಿ ಒಣಗಿಸಿ. ಪೌಡರ್ ಹಾಕಬೇಡಿ, ಹಾಲಿನ ಜೊತೆ ಕಲಸಿ ಗಟ್ಟಿಯಾಗುತ್ತೆ, ಹಾರಿದರೆ ಉಸಿರಿಗೂ ಹೋಗುತ್ತೆ. ಚರ್ಮ ಒಡೆದು ನೀರು ಒಸರುತ್ತಿದ್ದರೆ ಡಾಕ್ಟರಿಗೆ ತೋರಿಸಿ.

ಬಟ್ಟೆಯನ್ನು ಮೊದಲು ತಣ್ಣೀರಲ್ಲಿ ಅರ್ಧ ಗಂಟೆ ನೆನೆಸಿ ಹಿಂಡಿ. ಬಿಸಿನೀರಿಗೆ ನೇರವಾಗಿ ಹಾಕಿದರೆ ಹಾಲಿನ ಕಲೆ ನೂಲಿಗೇ ಹಿಡಿದುಕೊಳ್ಳುತ್ತೆ. ಆಮೇಲೆ ಸೋಪು ಹಾಕಿ ಒಗೆದು ಬಿಸಿಲಿಗೆ ಹರವಿ. ಹಳೇ ಕಾಟನ್ ಸೀರೆ ಹರಿದು ಒಂದು ಡಜನ್ ತುಂಡು ಮಾಡಿಟ್ಟುಕೊಳ್ಳಿ, ಹಾಸಿಗೆ ಪಕ್ಕ ನಾಲ್ಕು, ಹೆಗಲ ಮೇಲೆ ಒಂದು, ಹೊರಗೆ ಹೋಗುವ ಚೀಲದಲ್ಲಿ ಮೂರು.